ಕೆಝಾಯಾಳಿಗೆ ಹಾಲು ಕೊಟ್ಟವಳು

ದೋಹಾದಲ್ಲಿ ನೆಲೆನಿಂತ ಮಂಗಳೂರು ಕಡೆಯ ಬ್ಯಾರಿ ಕುಟುಂಬಗಳಲ್ಲಿ ಹುಡುಗನಿಗೋ ಹುಡುಗಿಗೋ ಸಂಬಂಧ ಕೂಡಿಬಂತೆಂದರೆ, ಮಾತು ಗಟ್ಟಿಯಾಗುವ ಮೊದಲು ಮನೆಯ ಹೆಂಗಸರು ಒಮ್ಮೆ ಬಿನ್ ಮಹಮೂದ್ ಬಡಾವಣೆಗೆ ಬಂದು ಹೋಗುವುದು ವಾಡಿಕೆ. ಅಲ್ಲಿಯ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಮಗ ಅನ್ಸಾಫನ ಸಂಸಾರದೊಡನೆ ಖದೀಜುಮ್ಮ ಇದ್ದರು. ಎಪ್ಪತ್ತು ದಾಟಿದ ಜೀವ. ಹುಡುಗನ ಸಂಬಳ ಎಷ್ಟು, ಊರಿನಲ್ಲಿ ಮನೆ ಎಂಥದು ಎಂಬುದನ್ನು ಅವರು ಕೇಳುತ್ತಿರಲಿಲ್ಲ. ತಾಯಿ ಯಾರು, ತಾಯಿಯ ತಾಯಿ ಯಾರು, ಕೂಸಾಗಿದ್ದಾಗ ಯಾರ ಯಾರ ಹಾಲು ಕುಡಿದಿದ್ದಾನೆ, ಇಷ್ಟೇ ಅವರ ಪ್ರಶ್ನೆ. ಒಬ್ಬಳೇ ಹೆಂಗಸಿನ ಎದೆಹಾಲು ಕುಡಿದು ಬೆಳೆದವರು, ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದ್ದರೂ, ಧರ್ಮದ ಪ್ರಕಾರ ಒಡಹುಟ್ಟಿದವರೇ. ಅವರ ನಡುವೆ ಮದುವೆ ಆಗಕೂಡದು.

ಹಿಂದೆ ಕಡಲತಡಿಯ ಕೇರಿಗಳಲ್ಲಿ ಗಂಡಸರು ಸಮುದ್ರಕ್ಕೆ ಹೋದರೆ ಹೆಂಗಸರು ಒಬ್ಬರ ಮಕ್ಕಳನ್ನು ಇನ್ನೊಬ್ಬರು ಎದೆಗೆ ಹಾಕಿಕೊಂಡು ಸಾಕುತ್ತಿದ್ದರು. ಯಾರು ಯಾರ ಹಾಲಿನ ಮಕ್ಕಳು ಎಂಬುದನ್ನು ಯಾರೂ ಬರೆದಿಡಲಿಲ್ಲ. ಅದು ಹೆಂಗಸರ ನೆನಪಿನಲ್ಲಿತ್ತು. ಆ ನೆನಪನ್ನು ಖದೀಜುಮ್ಮ ತಮ್ಮ ತಾಯಿಯಿಂದ ಪಡೆದು, ಕಡಲು ದಾಟಿಸಿ, ಈ ಮರಳುನಾಡಿಗೆ ತಂದಿದ್ದರು. ಇದರಿಂದ ತಪ್ಪಿದ ಮದುವೆಗಳೂ ಇದ್ದವು, ಉಳಿದ ಮರ್ಯಾದೆಗಳೂ ಇದ್ದವು. ಖದೀಜುಮ್ಮನಿಗೆ ಈ ವಿಷಯದಲ್ಲಿ ಹೆಮ್ಮೆ ಇತ್ತು, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. ಅಲ್ಲಾಹನು ಕೊಟ್ಟದ್ದನ್ನು ಇಲ್ಲ ಎನ್ನುವುದು ವಿನಯವಲ್ಲ ಎಂದು ಅವರ ಎಣಿಕೆ.

ಆದರೆ ಈ ಬೇಸಗೆಯಿಂದ ಅವರು ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ದೋಹಾದ ಹೊರವಲಯದ ಮುಐದರಿನಲ್ಲಿದ್ದ ಮಗಳು ಫಸೀಲಾ ತೀರಿಕೊಂಡಿದ್ದಳು. ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಹಾಲು ಕೊಟ್ಟು ಸಾಕಿದ ಮಗಳು. ಬಂದವರಿಗೆ ಸೊಸೆ ರೈಹಾನಾ ಬಾಗಿಲಲ್ಲೇ ಸಮಾಧಾನ ಹೇಳಿ ಕಳುಹಿಸುತ್ತಿದ್ದಳು. ಖದೀಜುಮ್ಮ ನಮಾಜಿನ ಚಾಪೆಯ ಮೇಲೆ ಕುಳಿತು ತಸ್ಬೀಹ್ ಮಣಿ ಎಣಿಸುತ್ತಿದ್ದರು.

ಹೀಗಿರುವಾಗ ಒಂದು ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಮೊಮ್ಮಗಳು ನಹ್ಲಾ ಉದ್ದನೆಯ ಬಿಳಿಯ ಗಂಡಸೊಬ್ಬನನ್ನು ಮನೆಗೆ ಕರೆದುಕೊಂಡು ಬಂದಳು. ಅವಳು ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಈತ ಅಲ್ಲಿ ಗಣಿತ ಕಲಿಸುವ ಥಿಯೋಡೋರ್, ಅಮೆರಿಕದವನು, ಅರವತ್ತರ ಆಸುಪಾಸು.

ರೈಹಾನಾ ಹಾಸನದ ಕಡೆಯವಳು, ತವರಿನಲ್ಲಿ ಉರ್ದು. ಅತ್ತೆಯ ಬ್ಯಾರಿ ಮಾತು ಅವಳಿಗೆ ಹತ್ತಲಿಲ್ಲ, ಅವಳ ಉರ್ದು ಅತ್ತೆಗೆ ಹತ್ತಲಿಲ್ಲ. ಹಾಗಾಗಿ ಈ ಮನೆಯಲ್ಲಿ ಕನ್ನಡವೇ ಉಳಿದುಕೊಂಡಿತ್ತು. ಅವಳು ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು: "ಏನೇ ಇದು, ಅಮೆರಿಕಾದೋರ್ಗೂ ಹೆಣ್ಣು ನೋಡ್ಕೊಡ್ತಾರಾ ನಿಮ್ಮ ಉಮ್ಮಾಮ?"

"ಅಯ್ಯೋ ಮಮ್ಮಿ, ಹೆಣ್ಣಲ್ಲ. ಅವರ ಅಜ್ಜಿಯ ಅಜ್ಜಿ ಬೇಕು."

"ಇನ್ನೂ ಚೆನ್ನಾಯ್ತು!"

ಒಳಗಿನಿಂದ ಖದೀಜುಮ್ಮ ಕೇಳಿಸಿಕೊಂಡರು. ಎಷ್ಟೋ ದಿನಗಳ ನಂತರ ಅವರ ತುಟಿಯ ಮೇಲೆ ಒಂದಿಷ್ಟು ನಗು ಬಂತು. "ಬಂದ ಮನುಷ್ಯನಿಗೆ ಸುಲೈಮಾನಿ ಮಾಡು ರೈಹಾನಾ. ಬಾಗಿಲಲ್ಲಿ ನಿಲ್ಲಿಸಿ ಎಂತ ಪಂಚಾಯಿತಿ?" ಎಂದು ತಲೆಯ ಮೇಲೆ ದುಪ್ಪಟ್ಟ ಎಳೆದುಕೊಂಡು ಹೊರಗೆ ಬಂದರು.

ಥಿಯೋಡೋರ್ ಕರಿಯ ಚಹಾ ಕುಡಿಯುತ್ತ ತನ್ನ ಸಂಗತಿ ಹೇಳಿದ. ನಹ್ಲಾ ಅದನ್ನು ಅರೆಬರೆ ಕನ್ನಡಕ್ಕೆ ತಿರುಗಿಸಿದಳು. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಒಂದು ಸಣ್ಣ ಊರು. ಹಿಂದಿನ ಕಾಲದಲ್ಲಿ ಅಲ್ಲಿಯ ಗಂಡಸರು ಹಡಗು ಹತ್ತಿ ತಿಮಿಂಗಿಲದ ಬೇಟೆಗೆ ಹೋದರೆ ಮೂರು ನಾಲ್ಕು ವರ್ಷ ಮನೆಯ ಮುಖ ಕಾಣುತ್ತಿರಲಿಲ್ಲ. ಆ ಊರಿನ ಹಳೆಯ ಮಸಣದಲ್ಲಿ, ಒಂದು ಕಪ್ತಾನರ ಮನೆತನದ ಜಾಗದ ನಡುವೆ, ಕೆಝಾಯಾ ಎಂಬ ಹೆಂಗಸಿನ ಗೋರಿ ಇದೆ. ಸಾವಿರದ ಎಂಟುನೂರ ಮೂವತ್ತೊಂದರಲ್ಲಿ ಹುಟ್ಟಿ, ಆ ಶತಮಾನ ಮುಗಿಯುವ ಹೊತ್ತಿಗೆ ತೀರಿಕೊಂಡವಳು. ಥಿಯೋಡೋರನ ತಾಯಿ, ಆಕೆಯ ತಾಯಿ, ಆ ತಾಯಿಯ ತಾಯಿ, ಅವಳ ತಾಯಿ ಈ ಕೆಝಾಯಾ.

"ಬರೀ ಹೆಣ್ಣಿನ ಕಡೆಯಿಂದಲೇ ಬಂದದ್ದು!" ಖದೀಜುಮ್ಮನಿಗೆ ಹಿಡಿಸಿತು. "ನಮ್ಮಲ್ಲಿ ಹಾಗೆಯೇ ಎಣಿಸುವುದು. ಮಾಷ್ಟ್ರಿಗೆ ಹೇಳು, ಒಳ್ಳೆ ಕಡೆಯಿಂದ ಶುರು ಮಾಡಿದ್ದಾರೆ ಅಂತ."

ಕಷ್ಟ ಇದ್ದದ್ದು ಬೇರೆ. ಹಿಂದಿನ ಚಳಿಗಾಲದ ಗಾಳಿಗೆ ಆ ಮಸಣದಲ್ಲಿ ಒಂದು ಮರ ಬಿದ್ದು ಕೆಲವು ಗೋರಿಕಲ್ಲುಗಳು ಒಡೆದಿದ್ದವು. ಅವನ್ನು ಮತ್ತೆ ನಿಲ್ಲಿಸಲು ಊರಿನವರು ಒಂದು ಸಮಿತಿ ಮಾಡಿಕೊಂಡಿದ್ದರು. ಒಂದು ಮನೆತನದ ಜಾಗದಲ್ಲಿ ಆ ಮನೆತನದವರ ಕಲ್ಲು ಮಾತ್ರ ನಿಲ್ಲಬೇಕು, ಸಂಬಂಧ ಗೊತ್ತಿಲ್ಲದವರ ಕಲ್ಲನ್ನು ಗೋಡೆಯ ಬದಿಗೆ ಸಾಲಾಗಿ ಒರಗಿಸಬೇಕು ಎಂಬುದು ಸಮಿತಿಯ ಕಟ್ಟಳೆ. ಕೆಝಾಯಾ ಆ ಮನೆಗೆ ಮಗಳಲ್ಲ, ಸೊಸೆಯಲ್ಲ. ಅವಳ ಹೆತ್ತವರ ಹೆಸರೂ ಬೇರೆ, ಗಂಡನ ಹೆಸರೂ ಬೇರೆ. ಆ ಮನೆತನದಲ್ಲಿ ಈಗ ಉಳಿದಿರುವವಳು ಒಬ್ಬಳೇ ಮುದುಕಿ. ಆಕೆಯ ಮಾತು ಒಂದೇ: ಕೆಝಾಯಾ ನಮ್ಮ ಮನೆಯ ಅಡುಗೆಯವಳು, ಕರುಣೆಯಿಂದ ಅಲ್ಲಿ ಮಣ್ಣು ಮಾಡಿರಬೇಕು, ಅವಳಿಗೆ ಗೋಡೆಯ ಬದಿ ಸಾಕು. ನೆಲ ಹೆಪ್ಪುಗಟ್ಟುವ ಮೊದಲು, ಇನ್ನೊಂದು ತಿಂಗಳಲ್ಲಿ, ಕಲ್ಲುಗಳನ್ನು ನಿಲ್ಲಿಸಿ ಮುಗಿಸುತ್ತಾರೆ.

"ನನ್ನ ತಾಯಿಗೆ ತೊಂಬತ್ತು," ಎಂದ ಥಿಯೋಡೋರ್. "ಈಗ ಬೇರೆ ಊರಿನಲ್ಲಿದ್ದಾರೆ, ಆದರೆ ಚಿಕ್ಕಂದಿನಿಂದ ಆ ಕಲ್ಲಿಗೆ ಹೂವಿಟ್ಟವರು. ಅದನ್ನು ಗೋಡೆಗೆ ಒರಗಿಸಿದರು ಅಂತ ನಾನು ಹೇಗೆ ಹೋಗಿ ಹೇಳಲಿ?"

ಮಲಗಿದವಳನ್ನು ಅವಳ ಜಾಗದಿಂದ ಎಬ್ಬಿಸಿ ಗೋಡೆಯ ಬದಿಗೆ ಕಳುಹಿಸುವ ಮಾತು ಖದೀಜುಮ್ಮನ ಎದೆಗೆ ನಾಟಿದಂತಾಯಿತು. ಆಮೇಲೆ ಚಾಪೆಯಿಂದ ಎದ್ದವರ ಹಾಗೆ ನೆಟ್ಟಗೆ ಕುಳಿತು ಕೆಲಸಕ್ಕೆ ತೊಡಗಿದರು.

"ಕೆಝಾಯಾ ಹುಟ್ಟಿದ್ದು ಎಲ್ಲಿ?"

"ಅದೇ ಊರಲ್ಲಿ. ಹೆತ್ತು ಕೆಲವೇ ದಿನಕ್ಕೆ ಅವಳ ತಾಯಿ ಹೋದಳು. ತಂದೆ ಹಡಗಿನ ಮೇಲೆ."

"ಚೊಚ್ಚಲು ಹೆರಿಗೆಯಾ?"

ಹೌದು ಎಂದ.

"ಮತ್ತೆ ಎಂತಕ್ಕೆ ಹುಡುಕಾಡುವುದು? ಚೊಚ್ಚಲಿಗೆ ಹೆಣ್ಣು ತವರಿಗೆ ಬಂದಿರುತ್ತಾಳೆ. ಆ ಊರೇ ಅವಳ ತಾಯಿಮನೆ. ಕಪ್ತಾನರ ಮನೆ ತಾಯಿಯ ಅಣ್ಣತಮ್ಮಂದಿರದ್ದೋ ಚಿಕ್ಕಮ್ಮನದ್ದೋ ಆಗಿರಬೇಕು. ತಾಯಿಯ ಕಡೆ ಹಿಡಿದು ಹೋಗಿ, ಸಿಗುತ್ತದೆ."

ಅಷ್ಟು ಗಟ್ಟಿಯಾಗಿ ಹೇಳಿದ ಮಾತನ್ನು ಥಿಯೋಡೋರ್ ನಂಬಿದ. ಎರಡು ವಾರ ಬಿಡುವಿದ್ದಾಗಲೆಲ್ಲ ಅದೇ ಊರಿನ ಹಳೆಯ ಹೆಸರುಗಳನ್ನು ಜಾಲಾಡಿದ. ಎರಡು ವಾರದ ನಂತರ ಸೂಕ್ ವಾಕಿಫ್ ಪೇಟೆಯಿಂದ ಖರ್ಜೂರದ ಪೊಟ್ಟಣ ತೆಗೆದುಕೊಂಡು ಮತ್ತೆ ಬಂದ. ಏನೂ ಸಿಗಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಅವಳ ತಾಯಿ ಆ ಊರಿನವಳೇ ಅಲ್ಲ ಅಂತೆ ಉಮ್ಮಾಮ," ಎಂದಳು ನಹ್ಲಾ. "ತುಂಬ ದೂರದ ಒಂದು ಹಳ್ಳಿಯಿಂದ ಮದುವೆಯಾಗಿ ಬಂದವಳು. ಅವರಲ್ಲಿ ಡೆಲಿವರಿಗೆ ಅಮ್ಮನ ಮನೆಗೆ ಹೋಗೋ ಕಸ್ಟಮ್ಮೇ ಇಲ್ವಂತೆ. ಗಂಡನ ಮನೆಯಲ್ಲೇ ಅಂತೆ."

"ಚೊಚ್ಚಲಿಗೂ?"

"ಚೊಚ್ಚಲಿಗೂ."

"ಯಾ ಅಲ್ಲಾಹ್, ಪಾಪದ ಹೆಣ್ಣುಗಳು!" ಎಂದರು ಖದೀಜುಮ್ಮ. ಮರುಗಳಿಗೆಯೇ ಅವರಿಗೆ ನಾಚಿಕೆಯಾಯಿತು. ನಮ್ಮೂರಿನ ಸೇರಿನಿಂದ ಅವರೂರಿನ ಅಕ್ಕಿ ಅಳೆಯಲು ಹೋಗಿ ಒಬ್ಬ ಮನುಷ್ಯನನ್ನು ಎರಡು ವಾರ ಸುಮ್ಮನೆ ತಿರುಗಿಸಿದ್ದಾಯಿತು. "ನನ್ನಿಂದ ತಪ್ಪಾಯಿತು ಅಂತ ಹೇಳು ಮಾಷ್ಟ್ರಿಗೆ. ಊರೂರಿಗೆ ಬೇರೆ ರೀತಿ ಇರುತ್ತದೆ, ಅದನ್ನು ಯೋಚನೆ ಮಾಡಬೇಕಿತ್ತು."

ಆಗಲೇ ಕೆಲಸದಿಂದ ಬಂದ ಅನ್ಸಾಫ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಕ್ಕ. "ಉಮ್ಮ ತಪ್ಪಾಯಿತು ಅಂದದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು. ಅಮೆರಿಕದವರು ಬರಬೇಕಾಯಿತು ನೋಡಿ."

"ನೀನು ಸುಮ್ಮನಿರೋ. ಯಲ್ಲಾ, ಹೋಗಿ ಕೈಕಾಲು ತೊಳಿ."

ಥಿಯೋಡೋರನಿಗೆ ಅವರ ಮೇಲೆ ಬೇಸರವಿರಲಿಲ್ಲ. ಇನ್ನು ಮಾಡುವುದೇನೂ ಉಳಿದಿಲ್ಲ ಎಂಬ ಸಮಾಧಾನದಿಂದ, ಹೊರಡುವ ಮೊದಲು ಆ ಮಸಣದ ಪಟಗಳನ್ನು ಟ್ಯಾಬಿನಲ್ಲಿ ಒಂದೊಂದಾಗಿ ತೋರಿಸಿದ. ಬೂದುಬಣ್ಣದ ಕಲ್ಲುಗಳು, ಸುತ್ತ ಹುಲ್ಲು, ಆಚೆ ಕಡಲು. ಇವನು ಕಪ್ತಾನ, ಇವಳು ಅವನ ಹೆಂಡತಿ ಪೇಷನ್ಸ್. ಇವರಿಬ್ಬರು ಮಕ್ಕಳು, ಅವರೂ ಕಪ್ತಾನರಾದವರು. ಪೇಷನ್ಸಳ ಬಲಗಡೆ, ಒಡೆದಿರುವುದು, ಕೆಝಾಯಾ.

"ಪೇಷನ್ಸ್ ಅಂದರೆ ಸಬ್ರ್, ತಾಳ್ಮೆ, ಉಮ್ಮಾಮ. ಅವರಲ್ಲಿ ಅದು ಹೆಣ್ಣುಮಕ್ಕಳ ಹೆಸರು."

"ಒಳ್ಳೆಯ ಹೆಸರು. ಎಡಗಡೆಯದ್ದು ಎಂತ, ಆ ಸಣ್ಣ ಕಲ್ಲು?"

ಹುಲ್ಲಿನಲ್ಲಿ ಅರ್ಧ ಹುದುಗಿದ, ಮೊಣಕಾಲಿನೆತ್ತರಕ್ಕೂ ಬಾರದ ಒಂದು ಕಲ್ಲು. ಥಿಯೋಡೋರ್ ಪಟವನ್ನು ದೊಡ್ಡದು ಮಾಡಿ ಓದಿದ. "ಪೇಷನ್ಸಳ ಮಗು. ಗಂಡು. ಹೆಸರಿಟ್ಟಿಲ್ಲ. ಹುಟ್ಟಿ ಒಂದು ವಾರವೂ ಇರಲಿಲ್ಲ. ಮೂವತ್ತೊಂದರ ಫೆಬ್ರವರಿ."

"ಕೆಝಾಯಾ ಹುಟ್ಟಿದ್ದು?"

"ಅದೇ ಫೆಬ್ರವರಿ."

ಖದೀಜುಮ್ಮನ ಕೈಯಲ್ಲಿದ್ದ ತಸ್ಬೀಹ್ ನಿಂತಿತು. ಅವರು ಎಷ್ಟೋ ಹೊತ್ತು ಆ ಸಣ್ಣ ಕಲ್ಲನ್ನೇ ನೋಡುತ್ತ ಕುಳಿತರು. ಆ ಹೊತ್ತಿನಲ್ಲಿ ಅವರ ಮುಂದೆ ಇದ್ದದ್ದು ಮಂಗಳೂರಿನ ಬೆಂಗ್ರೆಯ ಗುಡಿಸಲು, ಹೊಳೆಯಲ್ಲಿ ದೋಣಿ ಬಿಡಲಾಗದಂಥ ಮಳೆ, ಸೆರಗೆಲ್ಲ ಒದ್ದೆಯಾಗಿ ಗೋಡೆಗೆ ಮುಖ ಮಾಡಿ ಮಲಗಿದ್ದ ಇಪ್ಪತ್ತೈದರ ಒಬ್ಬ ಹೆಂಗಸು. ಮಗು ಮಣ್ಣಿಗೆ ಹೋಗಿತ್ತು. ಹಾಲು ಅದನ್ನು ತಿಳಿಯದೆ ಬರುತ್ತಲೇ ಇತ್ತು. ಆಗ ನೆರೆಮನೆಯ ಮುದುಕಿ ಒಂದು ಬಟ್ಟೆಯ ಗಂಟನ್ನು ತಂದು ಮಗ್ಗುಲಲ್ಲಿಟ್ಟು, "ಇದರ ತಾಯಿ ಹೋದಳು, ಖದೀಜಾ. ನಿನ್ನ ಹಾಲು ಇದರ ಪಾಲಿನದ್ದು" ಎಂದಿದ್ದಳು. ಫಸೀಲಾ ಆ ಮನೆಗೆ ಬಂದದ್ದು ಹಾಗೆ.

"ನಹ್ಲಾ," ಎಂದರು ಕೊನೆಗೆ. ಸ್ವರ ತಗ್ಗಿತ್ತು. "ಮಾಷ್ಟ್ರ ಹತ್ತಿರ ಕೇಳು. ತಾಯಿ ಸತ್ತ ಆ ಕೂಸು ಆ ತಿಂಗಳು ಏನು ಕುಡಿಯಿತು?"

ಥಿಯೋಡೋರ್ ಪಟವನ್ನು ಮತ್ತೆ ಚಿಕ್ಕದು ಮಾಡಿ ಎರಡೂ ಕಲ್ಲುಗಳನ್ನು ಒಟ್ಟಿಗೆ ನೋಡಿದ. ಕಲ್ಲುಗಳ ಮೇಲಿದ್ದ ತಾರೀಕುಗಳನ್ನು ಅವನು ಮೊದಲೂ ಓದಿದ್ದ. ಅವನ್ನು ಗಂಟುಹಾಕಿ ನೋಡಲು ಅವನಿಗೆ ಈವರೆಗೆ ಹೊಳೆದಿರಲಿಲ್ಲ, ಅಷ್ಟೆ.

"ಇದು ಪುರಾವೆ ಆಗುವುದಿಲ್ಲ," ಎಂದ. ಆದರೆ ಅವನ ಕಣ್ಣು ಸಣ್ಣ ಕಲ್ಲಿನ ಮೇಲೇ ಇತ್ತು.

"ನಾನು ಪುರಾವೆ ಕೇಳಲಿಲ್ಲ ಮಾಷ್ಟ್ರೇ. ಕೂಸು ಏನು ಕುಡಿಯಿತು ಅಂತ ಕೇಳಿದೆ. ಹಿಮ ಬೀಳುವ ತಿಂಗಳು, ಹಾಲಿನ ಪುಡಿ ಇಲ್ಲದ ಕಾಲ. ಕುಡಿಯದಿದ್ದರೆ ನಿಮ್ಮ ಅಮ್ಮನೂ ಇಲ್ಲ, ನೀವೂ ಇಲ್ಲ."

ಆಮೇಲೆ ಅವರು ಹಾಲಿನ ಸಂಬಂಧ ಎಂದರೆ ಏನೆಂದು ವಿವರಿಸಿದರು. ಹೊಟ್ಟೆ ತುಂಬ ಐದು ಸಲ ಕುಡಿದರೆ ಸಾಕು, ಅವಳು ತಾಯಿ, ಅವಳ ಮಕ್ಕಳು ಒಡಹುಟ್ಟಿದವರು. ನಮ್ಮ ಕಾನೂನಿನಲ್ಲಿ ಅಂಥ ಮಾತಿಲ್ಲವಲ್ಲ ಎಂದ ಥಿಯೋಡೋರ್. "ಕಾನೂನು ಇಲ್ಲದಿರಬಹುದು, ಹಾಲು ಇತ್ತಲ್ಲ," ಎಂದರು ಖದೀಜುಮ್ಮ. "ಆ ಮುದುಕಿಯ ಹತ್ತಿರ ನಾನು ಮಾತಾಡುತ್ತೇನೆ. ಒಪ್ಪಬೇಕಾದವಳು ಅವಳು."

ಮರುದಿನ ಸಂಜೆ, ಇಲ್ಲಿ ಮಗ್ರಿಬ್ ನಮಾಜಿಗೆ ಸ್ವಲ್ಪ ಮೊದಲು, ಅಲ್ಲಿ ಬೆಳಗಿನ ಹೊತ್ತು, ನಹ್ಲಾಳ ಕಂಪ್ಯೂಟರಿನಲ್ಲಿ ಆ ಮುದುಕಿ ಕಾಣಿಸಿಕೊಂಡಳು. ಎಂಬತ್ತರ ಹತ್ತಿರದವಳು, ಗಿಡ್ಡಗೆ ಕತ್ತರಿಸಿದ ಬೆಳ್ಳನೆಯ ಕೂದಲು, ಗಲ್ಲ ಎತ್ತಿ ಕೂಡುವ ರೀತಿ. ಥಿಯೋಡೋರ್ ಪಕ್ಕದಲ್ಲಿ ಕುರ್ಚಿಯ ತುದಿಗೆ ಕುಳಿತಿದ್ದ. ರೈಹಾನಾ ಬಾಗಿಲಿಗೆ ಒರಗಿ ನಿಂತಿದ್ದಳು. ಮುದುಕಿ ಎಲ್ಲವನ್ನೂ ಕೇಳಿದಳು. ಆಮೇಲೆ ಹೇಳಿದಳು: "ಸತ್ತವರ ಮೇಲೆ ನನಗೆ ಹಗೆ ಇಲ್ಲ. ಆದರೆ ಯಾರೋ ಊಹೆ ಮಾಡಿದರು ಅಂತ ನನ್ನ ಹಿರಿಯರ ನೆಲವನ್ನು ಹಂಚಲಾರೆ. ಈವತ್ತು ಕಲ್ಲು, ನಾಳೆ ಇನ್ನೇನು?"

ನಹ್ಲಾ ಅದನ್ನು ಮೆದು ಮಾಡಿ ಹೇಳಲು ನೋಡಿದಳು. ಖದೀಜುಮ್ಮನಿಗೆ ಮುಖ ನೋಡಿದರೇ ಅರ್ಥವಾಗಿತ್ತು.

"ಇವಳು ಆಸ್ತಿಗೆ ಹೆದರುತ್ತಾಳೆ. ತಪ್ಪಲ್ಲ, ನೆಲ ಇದ್ದವರೆಲ್ಲ ಹೆದರುತ್ತಾರೆ. ಹೇಳು ಅವಳಿಗೆ: ಹಾಲಿನ ಮಗಳಿಗೆ ಆಸ್ತಿಯಲ್ಲಿ ಪಾಲಿಲ್ಲ. ಒಂದು ತೆಂಗಿನಕಾಯಿಯೂ ಇಲ್ಲ. ನಮ್ಮ ಧರ್ಮದಲ್ಲಿ ಹಾಗೆಯೇ ಇರುವುದು. ಅವಳಿಗೆ ಸಿಗುವುದು ಮರ್ಯಾದೆ ಮಾತ್ರ."

ಮುದುಕಿಯ ಗಲ್ಲ ಸ್ವಲ್ಪ ಇಳಿಯಿತು.

"ಇನ್ನೊಂದು ಹೇಳು. ನನಗೂ ಒಬ್ಬಳು ಹಾಲಿನ ಮಗಳು ಇದ್ದಳು. ಈ ಬೇಸಗೆಯಲ್ಲಿ ಹೋದಳು." ಖದೀಜುಮ್ಮ ಉಸಿರು ಎಳೆದುಕೊಂಡರು. "ನಮ್ಮಲ್ಲಿ ಹೆಣ್ಣಿನ ಮಯ್ಯತ್ತನ್ನು ಗೋರಿಗೆ ಇಳಿಸಬೇಕಾದವರು ಅವಳ ಒಡಹುಟ್ಟಿದವರಂಥ ಹತ್ತಿರದ ಗಂಡಸರು. ಬೇರೆಯವರಲ್ಲ. ಫಸೀಲಾಳ ರಕ್ತದ ಬಂಧುಗಳು ಊರಲ್ಲಿ ಉಳಿದರು. ಗೋರಿಗೆ ಇಳಿದದ್ದು ಅವಳ ಗಂಡ ಮತ್ತು ನನ್ನ ಮಗ. ನೀನು ಯಾರು ಅಂತ ಅಲ್ಲಿದ್ದ ಅರಬ್ ಮುದುಕ ನನ್ನ ಮಗನನ್ನು ಕೇಳಿದ. ಹಾಲಿನ ಅಣ್ಣ ಅಂದ. ಮತ್ತೆ ಯಾರೂ ಒಂದು ಮಾತು ಕೇಳಲಿಲ್ಲ, ದಾರಿ ಬಿಟ್ಟರು. ನಾನು ಮನೆಯಲ್ಲಿದ್ದೆ. ಅನ್ಸಾಫ್ ಬಂದು, ಅವನ ಕೈಯಲ್ಲಿ ಮಣ್ಣು ಇತ್ತು, ಉಮ್ಮ, ನಾನೇ ಮಲಗಿಸಿದೆ ಅಂದ. ಆ ದಿನ ನನಗೆ ಎಷ್ಟು ದುಃಖ ಇತ್ತೋ ಅಷ್ಟೇ ಹೆಮ್ಮೆ ಇತ್ತು."

ನಹ್ಲಾ ತಡೆದು ತಡೆದು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. ಖದೀಜುಮ್ಮ ಪರದೆಯ ಕಡೆಗೆ ಬಗ್ಗಿದರು.

"ಹಾಗಾಗಿ ನಾನು ಒಂದೇ ಕೇಳುತ್ತೇನೆ. ಕೆಝಾಯಾ ಹೋದಾಗ ಅವಳನ್ನು ಹೊತ್ತವರು ಯಾರು?"

ಮುದುಕಿ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಳ್ಳಲಿಲ್ಲ.

"ನಮ್ಮ ಮನೆಯಲ್ಲಿ ಅದೊಂದು ತಮಾಷೆಯ ಕಥೆ," ಎಂದಳು. "ನನ್ನ ಅಜ್ಜ ಹುಡುಗನಾಗಿದ್ದಾಗ ಕಣ್ಣಾರೆ ಕಂಡದ್ದು. ಅಡುಗೆಯವಳನ್ನು ಹೊತ್ತ ಕಪ್ತಾನರು ಅಂತ ಹೇಳಿ ನಗಿಸುತ್ತಿದ್ದರು. ಪೇಷನ್ಸಳ ಮಕ್ಕಳಿಬ್ಬರೂ, ಅವರಲ್ಲೊಬ್ಬರು ನನ್ನ ಅಜ್ಜನ ಅಜ್ಜ, ಆಗ ಹಣ್ಣು ಮುದುಕರು. ಒಬ್ಬನಿಗೆ ಕಾಲು ಸರಿಯಿರಲಿಲ್ಲ. ಹೊರಲು ಆಳುಗಳು ಬಂದಿದ್ದರಂತೆ. ಇವರು ಅವರನ್ನು ಹತ್ತಿರ ಸೇರಿಸಲಿಲ್ಲ. ಮಂಜಿನ ಮೇಲೆ ಜಾರುತ್ತ, ಮೂರು ಕಡೆ ಇಳಿಸಿ ಸುಧಾರಿಸಿಕೊಳ್ಳುತ್ತ, ಪೆಟ್ಟಿಗೆಯನ್ನು ಗುಡ್ಡದ ಮೇಲಿನವರೆಗೂ ಅವರೇ ಹೊತ್ತರು. ಊರೆಲ್ಲ ನೋಡಿ ನಕ್ಕಿತಂತೆ." ಅವಳು ಕನ್ನಡಕವನ್ನು ಮಡಿಸಿದಳು. "ನಾವೂ ನಗುತ್ತಿದ್ದೆವು."

ಥಿಯೋಡೋರ್ ತನ್ನ ದೊಡ್ಡ ಅಂಗೈಯಿಂದ ಮುಖ ಮುಚ್ಚಿಕೊಂಡಿದ್ದ.

"ನಗುವುದಕ್ಕೆ ಎಂತ ಉಂಟು?" ಎಂದರು ಖದೀಜುಮ್ಮ ಮೆಲ್ಲಗೆ. "ಒಳ್ಳೆಯ ಮಕ್ಕಳನ್ನು ಹೆತ್ತಿದ್ದಳು ಆ ತಾಯಿ. ಇವಳಿಗೆ ಹೇಳು ನಹ್ಲಾ, ಇವಳ ಮನೆತನ ದೊಡ್ಡದು ಅಂತ. ಕಪ್ತಾನರು ಇದ್ದದ್ದಕ್ಕಲ್ಲ. ಅವರು ಹೊತ್ತದ್ದಕ್ಕೆ."

ಆ ಮಾತು ಅತ್ತ ತಲುಪಿದಾಗ ಮುದುಕಿ ನೆಟ್ಟಗೆ ಕುಳಿತಳು. ಇಷ್ಟು ಹೊತ್ತು ಅವಳ ಗಲ್ಲದಲ್ಲಿದ್ದ ಬಿಗು ಮಾಯವಾಗಿ, ಅದಕ್ಕಿಂತ ಒಳ್ಳೆಯದೇನೋ ಒಂದು ಅಲ್ಲಿ ಬಂದು ಕುಳಿತಿತ್ತು. "ಸಮಿತಿಗೆ ನಾನೇ ಹೋಗಿ ಹೇಳುತ್ತೇನೆ. ಕೆಝಾಯಾಳ ಕಲ್ಲು ಪೇಷನ್ಸಳ ಬಲಗಡೆಯೇ ನಿಲ್ಲುತ್ತದೆ. ಹೆಸರಿನ ಕೆಳಗೆ ಏನು ಬರೆಸಬೇಕು, ನಿಮ್ಮ ಅಜ್ಜಿಯನ್ನೇ ಕೇಳಿ."

ಖದೀಜುಮ್ಮ ಯೋಚಿಸಲಿಲ್ಲ. "ಪೇಷನ್ಸಳ ಹಾಲಿನ ಮಗಳು. ಅಷ್ಟೇ ಸಾಕು."

ಥಿಯೋಡೋರ್ ಅದನ್ನು ತನ್ನ ಭಾಷೆಯಲ್ಲಿ ಎರಡು ಸಲ ಹೇಳಿಕೊಂಡ, ತಾಯಿಗೆ ಹೇಗೆ ಹೇಳಬೇಕೆಂದು ಅಭ್ಯಾಸ ಮಾಡುವವನಂತೆ. ಮುದುಕಿ ಕರೆ ಮುಗಿಸಲು ಕೈ ಚಾಚಿದಳು.

"ತಡೆ, ತಡೆ!" ಖದೀಜುಮ್ಮ ಬೆರಳು ಮಡಿಸಿ ಎಣಿಸುತ್ತಿದ್ದರು. "ಇವಳು ಕಪ್ತಾನನ ಮಗನಿಂದ ನಾಲ್ಕನೆಯ ತಲೆ. ಮಾಷ್ಟ್ರು ಕೆಝಾಯಾಳಿಂದ ನಾಲ್ಕನೆಯ ತಲೆ. ಸಮಸಮ. ವಯಸ್ಸಿನಲ್ಲಿ ಇವಳು ದೊಡ್ಡವಳು. ಮಾಷ್ಟ್ರೇ, ಇವಳು ನಿಮಗೆ ಅಕ್ಕ. ಹಾಗೆ ಕರೆಯದೆ ಬಿಟ್ಟರೆ ಸರಿಯಾಗುವುದಿಲ್ಲ."

"ಉಮ್ಮ, ಅವರಲ್ಲಿ ಹಂಗೆಲ್ಲ ಕರಿಯೋದಿಲ್ಲ, ಬರೀ ಹೆಸರು," ಎಂದಳು ಬಾಗಿಲಿನಿಂದ ರೈಹಾನಾ.

"ಹೆಸರು ಹಿಡಿದು ಕರೆಯುವುದಾ, ಎಂಬತ್ತು ವರ್ಷದವಳನ್ನು?"

ಥಿಯೋಡೋರ್ ಕೆಂಪಾದ. ಗಣಿತದ ಮೇಷ್ಟ್ರು ಪರದೆಯ ಕಡೆ ಬಾಗಿ, ಹೊಸ ಪಾಠ ಒಪ್ಪಿಸುವ ಹುಡುಗನ ಹಾಗೆ, "ಅಕ್ಕ" ಎಂದ.

ಅದರ ಅರ್ಥವೇನೆಂದು ಮುದುಕಿ ಕೇಳಿದಳು. ನಹ್ಲಾ ಹೇಳಿದಳು. ಮುದುಕಿ ಗದರುವ ಸ್ವರದಲ್ಲಿ ಏನೋ ಅಂದಳು. ಥಿಯೋಡೋರ್ ಗಟ್ಟಿಯಾಗಿ ನಕ್ಕ. ನಹ್ಲಾ ಕಣ್ಣೊರೆಸಿಕೊಳ್ಳುತ್ತ ಅಜ್ಜಿಯ ಕಡೆ ತಿರುಗಿದಳು.

"ಕಲ್ಲು ನಿಲ್ಲಿಸೋ ದಿನ ತಾಯಿಯನ್ನು ಕರ್ಕೊಂಡು ಬಾ, ಹೋಟೆಲಿನಲ್ಲಿ ಉಳ್ಕೊಂಡ್ರೆ ಸುಮ್ನೆ ಬಿಡಲ್ಲ ಅಂತಾರೆ ಅವರು, ಉಮ್ಮಾಮ. ಮನೆಯಲ್ಲಿ ರೂಮು ಖಾಲಿ ಇದೆಯಂತೆ."

"ಅಲ್‌ಹಮ್ದುಲಿಲ್ಲಾಹ್," ಎಂದರು ಖದೀಜುಮ್ಮ. ಕೆಳಗಿನ ಮಸೀದಿಯಿಂದ ಬಾಂಗು ಕೇಳಿಸಿತು. ಅವರು ಮಂಡಿಗೆ ಕೈ ಊರಿ ಎದ್ದು, ನಮಾಜಿಗೆ ಕೈಕಾಲು ತೊಳೆದು ವುಳೂ ಮಾಡಲು ಹೊರಟರು. "ಅಕ್ಕ ಅಂದರೆ ಹಾಗೆಯೇ ಬಯ್ಯಬೇಕು. ಕಲಿಸಿಕೊಡಬೇಕಾದ್ದೇನೂ ಇಲ್ಲ ಅವಳಿಗೆ."